ಒಂದು ರೆಕ್ಕೆಗೆ ಪೂರ್ತಿ ಚಿತ್ತಾರ, ಇನ್ನೊಂದಕ್ಕೆ ಅರ್ಧ: ಸೂರ್ಯನ ಕುದುರೆಯ ಬಣ್ಣದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮನೆ ಶಿರಸಿಯ ಹತ್ತಿರ ಅಡಿಕೆ ತೋಟದ ಅಂಚಿನಲ್ಲಿದೆ. ಕಳೆದ ತಿಂಗಳು ಹಲಸಿನ ಮರದ ಕಾಂಡದ ಮೇಲೆ ಚಪ್ಪಟೆ ಮೈಯ, ತೊಗಟೆಯದೇ ಬಣ್ಣದ ಸೂರ್ಯನ ಕುದುರೆಯೊಂದು ಕೂತಿತ್ತು. ಅದು ರೆಕ್ಕೆ ಬಿಚ್ಚಿದಾಗ ತೆಗೆದ ಫೋಟೋವನ್ನು ಜೊತೆಗೆ ಕಳಿಸಿದ್ದೇನೆ. ಮುಂದಿನ ಎರಡು ರೆಕ್ಕೆಗಳಲ್ಲಿ ಒಂದರ ತುಂಬ ಕಂದು, ಬೂದು ಮಚ್ಚೆಗಳಿವೆ. ಇನ್ನೊಂದರ ಹೊರಗಿನ ಅರ್ಧದಲ್ಲಿ ಮಾತ್ರ ಮಚ್ಚೆಗಳಿದ್ದು, ಒಳಗಿನ ಅರ್ಧ ಯಾವ ಚಿತ್ತಾರವೂ ಇಲ್ಲದೆ ಮಸುಕಾಗಿದೆ. ಇದು ರೋಗವೇ? ಪೊರೆ ಕಳಚುವಾಗ ಆದ ಊನವೇ? ಅಥವಾ ಮಾಡಿನಲ್ಲಿ ಮೇಲಿನ ಹೆಂಚು ಮುಚ್ಚಿದ ಜಾಗಕ್ಕೆ ಪಾಚಿ ಕಟ್ಟದೆ ಉಳಿಯುವಂತೆ, ಬೆಳಕು ತಾಗದ ಕಡೆ ಬಣ್ಣ ಬರಲಿಲ್ಲವೇ? (ಓದುಗರೊಬ್ಬರು, ಶಿರಸಿ)

ಉತ್ತರ: ಫೋಟೋವನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದೆ. ರೋಗದ ಲಕ್ಷಣವಾಗಲಿ ಊನವಾಗಲಿ ಅದರಲ್ಲಿ ಕಾಣುವುದಿಲ್ಲ. ಪೊರೆ ಕಳಚುವಾಗ ತೊಂದರೆಯಾಗಿದ್ದರೆ ರೆಕ್ಕೆ ಮುದುಡಿಕೊಂಡಿರುತ್ತದೆ, ಅಂಚು ಸುರುಟಿರುತ್ತದೆ, ಅಥವಾ ಒಂದು ರೆಕ್ಕೆ ಇನ್ನೊಂದಕ್ಕಿಂತ ಗಿಡ್ಡವಾಗಿರುತ್ತದೆ. ಸೂರ್ಯನ ಕುದುರೆ ಕೊನೆಯ ಪೊರೆಯನ್ನು ತಲೆಕೆಳಗಾಗಿ ನೇತುಬಿದ್ದು ಕಳಚುತ್ತದೆ. ಆಗ ಹಿಡಿತ ತಪ್ಪಿ ಬಿದ್ದರೆ ಅಥವಾ ಗಾಳಿಯಲ್ಲಿ ತೇವ ಸಾಲದಿದ್ದರೆ ಮೆತ್ತಗಿನ ರೆಕ್ಕೆ ಪೂರ್ತಿ ಅರಳುವ ಮೊದಲೇ ಒಣಗಿ ಗಟ್ಟಿಯಾಗುತ್ತದೆ. ನಿಮ್ಮ ಚಿತ್ರದಲ್ಲಿ ಎರಡು ರೆಕ್ಕೆಗಳೂ ಸಮನಾಗಿ, ಸಪಾಟಾಗಿ ಅರಳಿವೆ. ವ್ಯತ್ಯಾಸವಿರುವುದು ಬಣ್ಣದಲ್ಲಿ ಮಾತ್ರ.

ಕಾರಣ ತಿಳಿಯಬೇಕಾದರೆ ಈ ಹುಳು ರೆಕ್ಕೆ ಮಡಚುವ ಕ್ರಮವನ್ನು ಗಮನಿಸಬೇಕು. ಸೂರ್ಯನ ಕುದುರೆಗೆ ನಾಲ್ಕು ರೆಕ್ಕೆಗಳು. ಮುಂದಿನ ಎರಡು ತುಸು ದಪ್ಪಗೆ ಚರ್ಮದ ಹಾಗೆ ಇರುತ್ತವೆ. ಹಿಂದಿನ ಎರಡು ತೆಳ್ಳಗಿದ್ದು ಬೀಸಣಿಗೆಯ ಮಡಿಕೆಗಳಾಗಿ ಮುಂರೆಕ್ಕೆಗಳ ಅಡಿಯಲ್ಲಿ ಅಡಗಿರುತ್ತವೆ. ವಿಶ್ರಾಂತಿಯಲ್ಲಿ ಮುಂರೆಕ್ಕೆಗಳು ಬೆನ್ನಿನ ಮೇಲೆ ಪಕ್ಕಪಕ್ಕದಲ್ಲಿ ಬರುವುದಿಲ್ಲ, ಒಂದರ ಮೇಲೊಂದು ಬರುತ್ತವೆ. ಮೇಲಿನ ರೆಕ್ಕೆ ಇಡಿಯಾಗಿ ಕಾಣುತ್ತದೆ, ಕೆಳಗಿನದರ ಹೊರ ಅಂಚಿನ ಭಾಗ ಮಾತ್ರ ಕಾಣುತ್ತದೆ. ನೀವು ಮಸುಕಾಗಿದೆ ಎಂದು ಬರೆದಿರುವ ಜಾಗವು ಸರಿಯಾಗಿ ಈ ಮುಚ್ಚಿಹೋಗುವ ಜಾಗವೇ ಆಗಿದೆ. ಮರದ ಮೇಲೆ ಕೂತ ಹುಳುವನ್ನು ನೋಡುವ ಹರಟೆಮಲ್ಲನಿಗಾಗಲಿ ಓತಿಕ್ಯಾತಕ್ಕಾಗಲಿ ಆ ಭಾಗ ಎಂದೂ ಕಾಣುವುದಿಲ್ಲ. ಕಾಣದ ಕಡೆ ತೊಗಟೆಯ ಚಿತ್ತಾರ ಬಿಡಿಸಿಕೊಂಡ ಹುಳು ಬಿಡಿಸಿಕೊಳ್ಳದ ಹುಳುವಿಗಿಂತ ಒಂದು ದಿನವೂ ಹೆಚ್ಚು ಬದುಕಲಾರದು. ಹಾಗಾಗಿ ನಿಸರ್ಗದ ಆಯ್ಕೆ ಕೆಲಸ ಮಾಡುವುದು ಕಾಣುವ ಮೇಲ್ಮೈಯ ಮೇಲೆ ಮಾತ್ರ. ಮುಚ್ಚಿದ ಮೇಲ್ಮೈ ಅದರ ಕೈಗೆ ಸಿಗದೆ ಉಳಿಯುತ್ತದೆ.

ಇಂಥ ರೆಕ್ಕೆಗಳು ಮರದ ಕಾಂಡದ ಮೇಲೆ ಬದುಕುವ ಸೂರ್ಯನ ಕುದುರೆಗಳಲ್ಲಿ ಬೇರೆಡೆಯೂ ಗೊತ್ತಿರುವಂಥವು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಲಿಟರ್ಗೂಸಾ ಎಂಬ ಕುಲವಿದೆ. ಅಮೆರಿಕದ ಕೀಟಶಾಸ್ತ್ರಜ್ಞ ಗ್ಯಾವಿನ್ ಸ್ವೆನ್‌ಸನ್ 2014ರಲ್ಲಿ ಆ ಗುಂಪನ್ನು ಹೊಸದಾಗಿ ಪರಿಶೀಲಿಸಿ 19 ಹೊಸ ಪ್ರಭೇದಗಳನ್ನು ವಿವರಿಸಿದರು. ಈ ಹುಳುಗಳು ನಮ್ಮ ಹಿತ್ತಲಿನ ಹಸಿರು ಸೂರ್ಯನ ಕುದುರೆಯಂತೆ ಕೂತಲ್ಲೇ ಕೂತು ಬೇಟೆಗೆ ಕಾಯುವುದಿಲ್ಲ. ಮೈಯನ್ನು ತೊಗಟೆಗೆ ಅಂಟಿಸಿಕೊಂಡು ಚುರುಕಾಗಿ ಓಡಾಡಿ ಬೇಟೆಯಾಡುತ್ತವೆ. ಅಪಾಯ ಕಂಡರೆ ಕಾಂಡವನ್ನು ಸುತ್ತುಹಾಕಿ ಆಚೆ ಬದಿಗೆ ಸರಿಯುತ್ತವೆ. ಪಾಚಿ, ಕಲ್ಲುಹೂವು ಹಿಡಿದ ತೊಗಟೆಯ ಚಿತ್ತಾರ ಅವುಗಳ ಬೆನ್ನಿನ ಮೇಲಿರುತ್ತದೆ. ನಿಮ್ಮ ಹುಳುವಿನ ಪ್ರಭೇದ ಯಾವುದೆಂದು ಒಂದು ಫೋಟೋದಿಂದ ಹೆಸರಿಸುವುದು ಜವಾಬ್ದಾರಿಯ ಕೆಲಸವಾಗದು, ಆದರೆ ಅದರ ಚಪ್ಪಟೆ ಮೈ ಮತ್ತು ಕೂತ ಜಾಗವನ್ನು ನೋಡಿದರೆ ಅದು ಅದೇ ರೀತಿಯ ಜೀವನಕ್ಕೆ ಒಗ್ಗಿದ್ದೆಂದು ಹೇಳಬಹುದು.

ಈ ಸಂಗತಿಯನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ಕೀಟವೊಂದು ನಮ್ಮಲ್ಲೇ ಇದೆ. ದಕ್ಷಿಣ ಭಾರತದ ಕುರುಚಲು ಕಾಡುಗಳಲ್ಲಿ ತರಗೆಲೆಯ ನಡುವೆ ಬದುಕುವ ಡಾಮಿನೋ ಜಿರಲೆಯನ್ನು ಕೆಲವು ಓದುಗರಾದರೂ ನೋಡಿರಬಹುದು. ಕಪ್ಪು ಮೈಯ ಮೇಲೆ ಏಳು ದೊಡ್ಡ ಬಿಳಿ ಚುಕ್ಕೆಗಳಿರುವ, ದುಂಬಿಯಂತೆ ಕಾಣುವ ಹುಳು ಅದು. ಜಿರಲೆಗಳೂ ಸೂರ್ಯನ ಕುದುರೆಗಳೂ ಒಂದೇ ಮೂಲದ ಹತ್ತಿರದ ಬಂಧುಗಳು. ಜಿರಲೆಗಳಲ್ಲಿ ಸಾಮಾನ್ಯವಾಗಿ ಎಡ ಮುಂರೆಕ್ಕೆ ಬಲದ ಮೇಲೆ ಬರುತ್ತದೆ. ಡಾಮಿನೋ ಜಿರಲೆಯ ಎಡ ರೆಕ್ಕೆಯ ಮೇಲೆ ನಾಲ್ಕು ಬಿಳಿ ಚುಕ್ಕೆಗಳಿದ್ದರೆ ಬಲ ರೆಕ್ಕೆಯ ಮೇಲೆ ಮೂರೇ ಇರುತ್ತವೆ. ಎಡದ ಅಡಿಗೆ ಹೋಗುವ ಬಲಗಡೆಯ ಭಾಗದಲ್ಲಿ ಚುಕ್ಕೆಯಿಲ್ಲ. ಏಳು ಚುಕ್ಕೆಗಳ ಚಿತ್ರ ಪೂರ್ಣವಾಗುವುದು ರೆಕ್ಕೆಗಳು ಮುಚ್ಚಿದಾಗ ಮಾತ್ರ. ಇಲ್ಲಿ ಬಣ್ಣದ ಉದ್ದೇಶ ಅಡಗಿಕೊಳ್ಳುವುದಲ್ಲ. ಮುಟ್ಟಿದರೆ ಚುರುಗುಟ್ಟುವ ದ್ರವವನ್ನು ಚಿಮ್ಮಿಸುವ ಆರು ಚುಕ್ಕೆಯ ನೆಲದುಂಬಿಯೊಂದನ್ನು ಈ ಜಿರಲೆ ಅನುಕರಿಸುತ್ತದೆ ಎಂದು ಕೀಟತಜ್ಞರು ಭಾವಿಸುತ್ತಾರೆ. ಅಡಗುವುದಕ್ಕೇ ಆಗಲಿ ಹೆದರಿಸುವುದಕ್ಕೇ ಆಗಲಿ, ಚಿತ್ತಾರ ಶತ್ರುವಿನ ಕಣ್ಣಿಗೆ ಬೀಳುವ ಜಾಗದಲ್ಲಿದ್ದರೆ ಸಾಕು ಎಂಬ ನಿಯಮ ಮಾತ್ರ ಎರಡರಲ್ಲೂ ಒಂದೇ.

ಈ ನಿಯಮವನ್ನು ಪತಂಗಗಳಲ್ಲೂ ಚಿಟ್ಟೆಗಳಲ್ಲೂ ಬಹಳ ಹಿಂದೆಯೇ ಗುರುತಿಸಿದವರು ಡಚ್ ಕೀಟಶಾಸ್ತ್ರಜ್ಞ ಔಡೆಮಾನ್ಸ್. ಪತಂಗವೊಂದು ಕೂತಾಗ ಹಿಂರೆಕ್ಕೆಯ ಸಣ್ಣ ಅಂಚು ಹೊರಗೆ ಇಣುಕುತ್ತಿದ್ದರೆ ಆ ಅಂಚಿನಲ್ಲಿ ಮಾತ್ರ ಮುಂರೆಕ್ಕೆಯ ಚಿತ್ತಾರ ಮುಂದುವರಿದಿರುತ್ತದೆ, ಒಳಕ್ಕೆ ಹೋಗುತ್ತಿದ್ದಂತೆ ಗೆರೆ ಎಳೆದಂತೆ ನಿಂತುಬಿಡುತ್ತದೆ ಎಂಬುದನ್ನು ಅವರು 1903ರಲ್ಲಿ ತೋರಿಸಿದರು. ಪಶ್ಚಿಮ ಘಟ್ಟದ ಒಣಎಲೆ ಚಿಟ್ಟೆಯನ್ನು ನೀವು ನೋಡಿದ್ದರೆ, ರೆಕ್ಕೆ ಮುಚ್ಚಿದಾಗ ಕಾಣುವ ಹೊರಬದಿಯಲ್ಲಿ ನರಗಳ ಸಮೇತ ಒಣಗಿದ ಎಲೆಯೂ, ಬಿಚ್ಚಿದಾಗ ಕಾಣುವ ಒಳಬದಿಯಲ್ಲಿ ನೀಲಿಯೂ ಇರುವುದು ನೆನಪಾಗಬಹುದು.

ನಿಮ್ಮ ಹೆಂಚಿನ ಊಹೆಗೆ ಈಗ ಬರುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಪರಿಶೀಲಿಸಬೇಕಾದ ಊಹೆ. ಬೆಳಕು ತಾಗದ್ದರಿಂದಲೇ ಬಣ್ಣ ಬರಲಿಲ್ಲ ಎನ್ನುವುದಾದರೆ, ಮುಂರೆಕ್ಕೆಗಳ ಅಡಿಯಲ್ಲಿ ಹಗಲಿಡೀ ಮಡಚಿಕೊಂಡಿರುವ ಹಿಂರೆಕ್ಕೆಗಳು ಎಲ್ಲ ಸೂರ್ಯನ ಕುದುರೆಗಳಲ್ಲೂ ಬಣ್ಣಗೆಟ್ಟಿರಬೇಕಿತ್ತು. ಹಾಗಿಲ್ಲ. ಅನೇಕ ಪ್ರಭೇದಗಳಲ್ಲಿ ಇಡೀ ಮೈಯಲ್ಲೇ ಅತ್ಯಂತ ಉಜ್ವಲವಾದ ಬಣ್ಣವಿರುವುದು ಆ ಹಿಂರೆಕ್ಕೆಗಳಲ್ಲೇ. ಆದ್ದರಿಂದ ಬಣ್ಣದ ಹಂಚಿಕೆಯನ್ನು ನಿರ್ಧರಿಸುವುದು ರೆಕ್ಕೆ ರೂಪುಗೊಳ್ಳುವಾಗ ಅದರ ಯಾವ ಭಾಗದ ಜೀವಕೋಶಗಳು ಯಾವ ವರ್ಣದ್ರವ್ಯವನ್ನು ತಯಾರಿಸಬೇಕೆಂಬ, ಹುಟ್ಟಿನಿಂದಲೇ ಬಂದ ಯೋಜನೆ. ಹೆಂಚಿನ ಪಾಚಿ ಹೆಂಚು ಹೊದಿಸಿದ ಮೇಲೆ ಮಳೆಗಾಲಗಳು ಕಳೆದಂತೆ ಕಟ್ಟುವಂಥದ್ದು. ರೆಕ್ಕೆಯ ಚಿತ್ತಾರ ಹಾಗಲ್ಲ.

ಊನಕ್ಕೂ ಈ ಬಗೆಯ ಅಸಮತೆಗೂ ಇರುವ ವ್ಯತ್ಯಾಸವನ್ನು ನೀವೇ ಪರೀಕ್ಷಿಸಬಹುದು. ಎಡಬಲಗಳ ನಡುವಿನ ಅಸಮತೆಯನ್ನು ಅಮೆರಿಕದ ಜೀವವಿಜ್ಞಾನಿ ಲೀ ವ್ಯಾನ್ ವೇಲನ್ 1962ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು. ಬೆಳವಣಿಗೆಯ ಸಣ್ಣಪುಟ್ಟ ಏರುಪೇರುಗಳಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲ್ಪ ವ್ಯತ್ಯಾಸ ಬರುವುದು ಒಂದು. ಪ್ರತಿ ಜೀವಿಯಲ್ಲೂ ಅಸಮತೆ ಇದ್ದು, ಅದು ಯಾವ ಬದಿಗೆ ಎಂಬುದು ಮಾತ್ರ ಬದಲಾಗುತ್ತಿರುವುದು ಇನ್ನೊಂದು. ಇಡೀ ಪ್ರಭೇದದಲ್ಲಿ ಒಂದೇ ಬದಿಗೆ ಅಸಮತೆ ಇರುವುದು ಮೂರನೆಯದು. ಡಾಮಿನೋ ಜಿರಲೆ ಇದಕ್ಕೆ ಒಳ್ಳೆಯ ಉದಾಹರಣೆ. ಅದೇ ಹಲಸಿನ ಮರದಲ್ಲೂ ಸುತ್ತಲಿನ ಮರಗಳಲ್ಲೂ ಇಂಥವೇ ಇನ್ನಷ್ಟು ಹುಳುಗಳು ಸಿಕ್ಕಿದರೆ, ಯಾವ ರೆಕ್ಕೆ ಮೇಲಿದೆ, ಯಾವುದರ ಒಳಭಾಗ ಮಸುಕಾಗಿದೆ ಎಂದು ಪ್ರತಿಯೊಂದಕ್ಕೂ ಬರೆದಿಡಿ. ಒಂದೇ ಒಂದು ಹುಳುವಿನಿಂದ ತೀರ್ಮಾನಿಸಲಾಗದ ಸಂಗತಿಯನ್ನು ಅಂಥ ಪಟ್ಟಿ ತೀರ್ಮಾನಿಸಿಬಿಡುತ್ತದೆ, ಮತ್ತು ಅಂಥ ಪಟ್ಟಿಗೆ ನಮ್ಮ ಪತ್ರಿಕೆಯಲ್ಲಿ ಖಂಡಿತ ಜಾಗವಿದೆ.

ಇನ್ನೊಂದು ಮಾತನ್ನು ಸೇರಿಸಬೇಕು. ಎಡಬಲ ಸಮನಾಗಿರುವುದು ಅಡಗುವ ಪ್ರಾಣಿಗೆ ಅನುಕೂಲವಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಇನೆಸ್ ಕತ್‌ಹಿಲ್ ಮತ್ತು ಸಂಗಡಿಗರು ಪತಂಗದಂತೆ ಕಾಣುವ ಕೃತಕ ತ್ರಿಕೋನಗಳನ್ನು ಮರಗಳ ಕಾಂಡಕ್ಕೆ ಅಂಟಿಸಿ, ಅವುಗಳಲ್ಲಿ ಹಕ್ಕಿಗಳಿಗೆ ತಿನ್ನಲು ಹುಳುಗಳನ್ನಿಟ್ಟು ಪ್ರಯೋಗ ಮಾಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎಡಬಲದ ಚಿತ್ತಾರ ಒಂದೇ ಆಗಿದ್ದ ತ್ರಿಕೋನಗಳನ್ನು ಹಕ್ಕಿಗಳು ಹೆಚ್ಚು ಸುಲಭವಾಗಿ ಪತ್ತೆ ಮಾಡಿದವು. ತೊಗಟೆಯಲ್ಲಿ ಎಲ್ಲೂ ಎಡಬಲದ ಸಾಮ್ಯವಿಲ್ಲದಿರುವಾಗ ಅಂಥ ಸಾಮ್ಯ ಕಂಡರೆ ಅಲ್ಲಿ ಜೀವಿಯಿದೆ ಎಂದು ಗುಟ್ಟು ಬಿಟ್ಟುಕೊಟ್ಟಂತಾಗುತ್ತದೆ. ಒಂದು ರೆಕ್ಕೆ ಇನ್ನೊಂದರ ಮೇಲೆ ಸರಿದು ಕೂತಾಗ ಬೆನ್ನಿನ ನಡುಗೆರೆ ಮಧ್ಯದಲ್ಲಿ ಉಳಿಯುವುದಿಲ್ಲ, ಮೇಲಿನ ರೆಕ್ಕೆಯ ಚಿತ್ತಾರ ನಡುವನ್ನು ದಾಟಿ ಆಚೆಗೂ ಹರಡುತ್ತದೆ. ತೊಗಟೆಯ ಮೇಲಿನ ಸೂರ್ಯನ ಕುದುರೆಗೆ ಇದರಿಂದಲೂ ಲಾಭವಿರಬೇಕು ಎಂಬುದು ನನ್ನ ಅಭಿಪ್ರಾಯ. ಸೂರ್ಯನ ಕುದುರೆಗಳನ್ನೇ ಇಟ್ಟುಕೊಂಡು ಪರೀಕ್ಷಿಸಲು ಯೋಗ್ಯವಾದ ಪ್ರಶ್ನೆ ಇದು.

ಪ್ರಶ್ನೆ: ಹಾವೇರಿ ಜಿಲ್ಲೆಯಲ್ಲಿ ನಮ್ಮ ಹೊಲವಿದೆ. ಮಳೆಗಾಲದಲ್ಲಿ ಬದುವಿನ ಹುಲ್ಲಿನಲ್ಲಿ ಸಿಗುವ ಸೂರ್ಯನ ಕುದುರೆಗಳು ಹಸಿರು. ಬೆಳೆ ಕೊಯ್ದ ಮೇಲೆ ಬಣವೆಯ ಹತ್ತಿರ ಸಿಗುವವು ಕಂದು. ಇವು ಎರಡು ಜಾತಿಗಳೇ, ಅಥವಾ ಒಂದೇ ಹುಳು ಊಸರವಳ್ಳಿಯಂತೆ ಬಣ್ಣ ಬದಲಿಸುತ್ತದೆಯೇ? (ಓದುಗರೊಬ್ಬರು, ಹಾನಗಲ್)

ಉತ್ತರ: ಎರಡು ಜಾತಿಗಳಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಆದರೆ ಅನೇಕ ಸೂರ್ಯನ ಕುದುರೆಗಳಲ್ಲಿ ಒಂದೇ ಜಾತಿಯೊಳಗೆ, ಒಂದೇ ತತ್ತಿಚೀಲದಿಂದ ಹೊರಬಂದ ಮರಿಗಳಲ್ಲೇ ಹಸಿರೂ ಕಂದೂ ಎರಡೂ ಇರುತ್ತವೆ. ಊಸರವಳ್ಳಿಯಂತೆ ನಿಂತ ನಿಲುವಿನಲ್ಲಿ ಬಣ್ಣ ಬದಲಿಸುವ ಶಕ್ತಿ ಇವಕ್ಕಿಲ್ಲ. ಮರಿ ಬೆಳೆಯುತ್ತ ಹಲವು ಬಾರಿ ಪೊರೆ ಕಳಚುತ್ತದೆ. ಬಣ್ಣ ಬದಲಾಗುವುದು ಮುಖ್ಯವಾಗಿ ಆ ಹಂತಗಳಲ್ಲಿ. ಸುತ್ತಲಿನ ತೇವ, ಬೆಳಕು, ಉಷ್ಣತೆಗಳು ಒಟ್ಟಾಗಿ ಮುಂದಿನ ಬಣ್ಣವನ್ನು ಪ್ರಭಾವಿಸುತ್ತವೆ. ತೇವವಿದ್ದ ಕಡೆ ಹಸಿರು ಹೆಚ್ಚು, ಒಣ ಹವೆಯಲ್ಲಿ ಕಂದು ಹೆಚ್ಚು ಎಂಬುದು ಸಾಮಾನ್ಯವಾಗಿ ಕಾಣುವ ಒಲವು. ನಿಮ್ಮ ಹೊಲದ ಅನುಭವಕ್ಕೂ ಅದು ಹೊಂದುತ್ತದೆ. ಆಫ್ರಿಕದ ಹುಲ್ಲುಗಾವಲುಗಳಲ್ಲಿ ಕಾಳ್ಗಿಚ್ಚು ಹಾದುಹೋದ ನಂತರ ಕೆಲವು ಸೂರ್ಯನ ಕುದುರೆಗಳು ಮುಂದಿನ ಪೊರೆ ಕಳಚುವಾಗ ಸುಟ್ಟ ನೆಲದಂತೆ ಕಪ್ಪಾಗುವುದನ್ನೂ ದಾಖಲಿಸಲಾಗಿದೆ.

ಈ ಬಣ್ಣದಿಂದ ನಿಜವಾಗಿಯೂ ಜೀವ ಉಳಿಯುತ್ತದೆಯೇ ಎಂದು ಮೊದಲು ಪ್ರಯೋಗ ಮಾಡಿ ನೋಡಿದವರಲ್ಲಿ ಇಟಲಿಯ ಡಿ ಚೆಸ್ನೋಲಾ ಒಬ್ಬರು. 1904ರಲ್ಲಿ ಪ್ರಕಟವಾದ ಅವರ ಬರಹ ಇಂದಿಗೂ ಓದಿಸಿಕೊಳ್ಳುತ್ತದೆ. ಅಲ್ಲಿನ ಸೂರ್ಯನ ಕುದುರೆಗಳು ಹಸಿರು ಹುಲ್ಲಿನಲ್ಲಿ ಹಸಿರಾಗಿಯೂ ಬಿಸಿಲಿಗೆ ಬಾಡಿದ ಹುಲ್ಲಿನಲ್ಲಿ ಕಂದಾಗಿಯೂ ಸಿಗುವುದನ್ನು ಕಂಡ ಅವರು, ಒಟ್ಟು 110 ಹುಳುಗಳನ್ನು ರೇಷ್ಮೆ ದಾರದಿಂದ ಗಿಡಗಳಿಗೆ ಕಟ್ಟಿ ಬಿಟ್ಟರು. ಹಸಿರು ಗಿಡದ ಮೇಲಿನ 20 ಹಸಿರು ಹುಳುಗಳೂ ಬಾಡಿದ ಗಿಡದ ಮೇಲಿನ 20 ಕಂದು ಹುಳುಗಳೂ 17 ದಿನಗಳ ಕೊನೆಗೆ ಒಂದೂ ಬಿಡದೆ ಉಳಿದಿದ್ದವು. ಬಾಡಿದ ಗಿಡದ ಮೇಲೆ ಕಟ್ಟಿದ 25 ಹಸಿರು ಹುಳುಗಳು 11 ದಿನಗಳೊಳಗೆ ಪೂರ್ತಿ ಸತ್ತವು, ಹಸಿರು ಗಿಡದ ಮೇಲೆ ಕಟ್ಟಿದ 45 ಕಂದು ಹುಳುಗಳಲ್ಲಿ ಕೊನೆಗೆ ಉಳಿದವು 10 ಮಾತ್ರ. ಕಟ್ಟಿಹಾಕಿದ ಹುಳು ತನಗೆ ಬೇಕಾದ ಜಾಗಕ್ಕೆ ಸರಿಯಲಾರದು, ಹುಳುಗಳ ಸಂಖ್ಯೆಯೂ ಕಡಿಮೆ ಎಂಬ ಆಕ್ಷೇಪಣೆಗಳು ನ್ಯಾಯವಾದವೇ. ಆದರೂ ಫಲಿತಾಂಶ ಇಷ್ಟು ಒಂದೇ ಕಡೆಗೆ ವಾಲಿರುವಾಗ ಅದರ ತಿರುಳನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ.

ನಿಮ್ಮ ಹೊಲದ ಬದುವಿನಲ್ಲಿ ಬೇಸಿಗೆಯ ಹೊತ್ತಿಗೆ ಹಸಿರು ಹುಳುಗಳು ಕಡಿಮೆಯಾಗುವುದಕ್ಕೆ ಹೀಗೆ ಎರಡು ಕಾರಣಗಳಿರಬಹುದು. ಮರಿಗಳು ಕಂದಾಗಿ ಬೆಳೆಯುವುದು ಒಂದು. ಬಾಡಿದ ಹುಲ್ಲಿನಲ್ಲಿ ಎದ್ದು ಕಾಣುವ ಹಸಿರು ಹುಳುಗಳು ಕಾಜಾಣದ ಪಾಲಾಗುವುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ನೋಡುವುದು ಸುಲಭವಲ್ಲ.

ಇಲ್ಲಿಯೂ ಒಂದೇ ರೆಕ್ಕೆಯೊಳಗೆ ಎರಡು ಬಣ್ಣಗಳಿರುವ ಉದಾಹರಣೆಯಿದೆ. ಚೀನಾದ ದೊಡ್ಡ ಸೂರ್ಯನ ಕುದುರೆಯ ಕಂದು ಬಗೆಯಲ್ಲಿ ಮುಂರೆಕ್ಕೆಯ ಬಹುಭಾಗ ಕಂದಾಗಿದ್ದು, ಮಡಚಿದಾಗ ಪಕ್ಕೆಗೆ ಬರುವ ಮುಂಭಾಗದ ಅಂಚು ಮಾತ್ರ ಉದ್ದಕ್ಕೂ ಹಸಿರು ಪಟ್ಟಿಯಾಗಿರುತ್ತದೆ. ಕಡ್ಡಿಯ ಪಕ್ಕದಲ್ಲಿ ಹಸಿರು ಗರಿಯೊಂದು ತಾಗಿ ನಿಂತ ಹಾಗೆ ಕಾಣುವುದರಿಂದ ಉದ್ದನೆಯ ಮೈಯ ಆಕಾರ ಎರಡಾಗಿ ಒಡೆದುಹೋಗುತ್ತದೆ.

ಪ್ರಶ್ನೆ: ಬಾಲ್ಕನಿಯ ಮಲ್ಲಿಗೆ ಕುಂಡದಲ್ಲಿದ್ದ ಸೂರ್ಯನ ಕುದುರೆಯ ಹತ್ತಿರ ನಮ್ಮ ಬೆಕ್ಕು ಹೋದಾಗ ಅದು ಓಡಲಿಲ್ಲ. ಮುಂಗಾಲುಗಳನ್ನು ಅಗಲಿಸಿ, ರೆಕ್ಕೆಗಳನ್ನೆಲ್ಲ ಎತ್ತಿ ನಿಂತಿತು. ಅಡಗಿಕೊಳ್ಳುವ ಹುಳು ಹೀಗೇಕೆ ತನ್ನನ್ನು ತೋರಿಸಿಕೊಳ್ಳುತ್ತದೆ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಅಡಗುವ ಉಪಾಯ ಸೋತ ಮೇಲೆ ಉಳಿಯುವ ಉಪಾಯ ಅದು. ಪತ್ತೆಯಾಗುವವರೆಗೆ ಮುಂರೆಕ್ಕೆಗಳ ಹೊರಮೈ ಹುಳುವನ್ನು ಕಾಯುತ್ತದೆ. ಪತ್ತೆಯಾದ ಕ್ಷಣದಲ್ಲಿ ಅಷ್ಟು ಹೊತ್ತು ಮುಚ್ಚಿಟ್ಟಿದ್ದ ಮೇಲ್ಮೈಗಳನ್ನು ಒಮ್ಮೆಲೇ ಬಿಚ್ಚಿ ಎದುರಾಳಿಯನ್ನು ಬೆಚ್ಚಿಬೀಳಿಸುತ್ತದೆ. ಮೆಡಿಟರೇನಿಯನ್ ಪ್ರದೇಶದ ಐರಿಸ್ ಒರೇಟೋರಿಯಾ ಎಂಬ ಪ್ರಭೇದದ ಹಿಂರೆಕ್ಕೆಗಳಲ್ಲಿ ದೊಡ್ಡ ಕಣ್ಣಿನಂಥ ಮಚ್ಚೆಗಳಿವೆ, ಮತ್ತು ಅದು ಹೊಟ್ಟೆಯನ್ನು ರೆಕ್ಕೆಗೆ ಉಜ್ಜಿ ಬುಸುಗುಟ್ಟುವ ಸದ್ದನ್ನೂ ಮಾಡುತ್ತದೆ. ಯುರೋಪಿನ ಸಾಮಾನ್ಯ ಸೂರ್ಯನ ಕುದುರೆ ಮುಂಗಾಲಿನ ಬುಡದ ಒಳಬದಿಯಲ್ಲಿ ಕಪ್ಪು ಮಚ್ಚೆಯನ್ನು ಇಟ್ಟುಕೊಂಡಿದೆ. ಕಾಲು ಮಡಚಿದಾಗ ಅದು ಕಾಣುವುದಿಲ್ಲ. ಭಾರತದಲ್ಲೂ ಇರುವ ಕ್ರಿಯೊಬ್ರಾಟರ್ ಎಂಬ ಹೂವಿನ ಸೂರ್ಯನ ಕುದುರೆಯಲ್ಲಿ ಕಣ್ಣಿನಂಥ ಮಚ್ಚೆ ಮುಂರೆಕ್ಕೆಯ ಹೊರಮೈಯಲ್ಲೇ ಇದ್ದರೆ, ಗುಲಾಬಿ ಛಾಯೆ ಹಿಂರೆಕ್ಕೆಯಲ್ಲಿ ಅಡಗಿರುತ್ತದೆ.

ಶಿರಸಿಯ ಓದುಗರಿಗೆ ಕೊಟ್ಟ ಉತ್ತರಕ್ಕೆ ಇದು ಪೂರಕ. ಅಲ್ಲಿ ಮುಚ್ಚಿದ ಭಾಗವನ್ನು ಯಾರೂ ನೋಡುವುದಿಲ್ಲವಾದ್ದರಿಂದ ಚಿತ್ತಾರವಿರಲಿಲ್ಲ. ಇಲ್ಲಿ ಮುಚ್ಚಿದ ಭಾಗವನ್ನು ಬೇಕೆಂದೇ ತೋರಿಸುವ ಸಂದರ್ಭವಿರುವುದರಿಂದ ಅದಕ್ಕೆ ತನ್ನದೇ ಬಣ್ಣ ಬಂದಿದೆ.

ನಮ್ಮ ದಕ್ಷಿಣ ಭಾರತದ ಒಣ ಕುರುಚಲಿನಲ್ಲಿ ಸಿಗುವ ಪಿಟೀಲು ಸೂರ್ಯನ ಕುದುರೆ ಇದನ್ನು ಇನ್ನೊಂದು ರೀತಿಯಲ್ಲಿ ತೋರಿಸುತ್ತದೆ. ಅದರ ಮೈ ಒಣಗಿದ ಎಲೆ ಕಡ್ಡಿಗಳ ಬಣ್ಣದ್ದು. ಆದರೆ ಕುತ್ತಿಗೆಯ ಹತ್ತಿರ ಎಲೆಯಂತೆ ಅಗಲವಾದ ಭಾಗದ ಅಡಿಬದಿ ತಿಳಿನೇರಳೆ. ಕಡ್ಡಿಯಿಂದ ತಲೆಕೆಳಗಾಗಿ ನೇತಾಡುವಾಗ ಆ ಅಡಿಬದಿ ಹೊರಮುಖವಾಗಿ ಹೂವಿನಂತೆ ಕಾಣುತ್ತದೆಂದು ಕಲ್ಕತ್ತೆಯ ಪ್ರಾಣಿಶಾಸ್ತ್ರಜ್ಞರು ಹತ್ತೊಂಬತ್ತನೆಯ ಶತಮಾನದಲ್ಲೇ ವರ್ಣಿಸಿದ್ದರು. ಹೂವನ್ನು ಹೋಲುವುದರಿಂದ ಬೇಟೆ ತಾನಾಗಿ ಬರುತ್ತದೆ ಎಂಬ ಮಾತಿಗೆ ಪ್ರಯೋಗದ ಆಧಾರ ಸಿಕ್ಕಿದ್ದು ಬಹಳ ತಡವಾಗಿ: ಜೇಮ್ಸ್ ಓಹ್ಯಾನ್ಲನ್ ಮತ್ತು ಸಂಗಡಿಗರು ಮಲೇಷ್ಯಾದಲ್ಲಿ ಆರ್ಕಿಡ್ ಸೂರ್ಯನ ಕುದುರೆಯನ್ನು ಗಮನಿಸಿ, ಅದು ಅಲ್ಲಿನ ಸಾಮಾನ್ಯ ಹೂವೊಂದಕ್ಕಿಂತಲೂ ಹೆಚ್ಚು ಕೀಟಗಳನ್ನು ಸೆಳೆಯುತ್ತದೆಂದು 2014ರಲ್ಲಿ ಪ್ರಕಟಿಸಿದರು. ಪಿಟೀಲು ಸೂರ್ಯನ ಕುದುರೆಯ ಬಗ್ಗೆ ನಮ್ಮವರು ಅಂಥದ್ದೇ ಎಚ್ಚರಿಕೆಯ ಅಧ್ಯಯನ ಮಾಡಬೇಕೆಂಬುದು ನನ್ನ ಬಹುದಿನದ ಆಸೆ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ರೆಕ್ಕೆಯ ಈ ವ್ಯತ್ಯಾಸವನ್ನು ತೋರಿಸಬೇಕೆಂದಿದ್ದೇನೆ. ಹುಳುಗಳಿಗೆ ಹಿಂಸೆಯಾಗದಂತೆ ಹೇಗೆ ತೋರಿಸಲಿ? (ಶಿಕ್ಷಕಿಯೊಬ್ಬರು, ಚಿತ್ರದುರ್ಗ)

ಉತ್ತರ: ಬದುಕಿರುವ ಹುಳುವಿನ ರೆಕ್ಕೆಯನ್ನು ಬೆರಳಿನಿಂದ ಬಿಡಿಸಬೇಡಿ. ಬೆಳೆದ ಸೂರ್ಯನ ಕುದುರೆ ಮತ್ತೆ ಪೊರೆ ಕಳಚುವುದಿಲ್ಲವಾದ್ದರಿಂದ ಹರಿದ ರೆಕ್ಕೆ ಮತ್ತೆ ಸರಿಹೋಗದು. ಮಳೆ ಕಡಿಮೆಯಾಗುವ ದಿನಗಳಲ್ಲಿ ಗಂಡು ಹುಳುಗಳು ರಾತ್ರಿ ಜಗಲಿಯ ದೀಪಕ್ಕೆ ಹಾರಿ ಬರುತ್ತವೆ. ಬೆಳಗ್ಗೆ ದೀಪದ ಕೆಳಗೆ ಸತ್ತು ಬಿದ್ದವುಗಳನ್ನು ಆಯ್ದುಕೊಳ್ಳಬಹುದು. ಅವು ಒಣಗಿದ್ದರೆ ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಹತ್ತಿಯ ಪಕ್ಕದಲ್ಲಿ ಒಂದು ದಿನ ಇಟ್ಟರೆ ಕೀಲುಗಳು ಮೆತ್ತಗಾಗುತ್ತವೆ, ಆಗ ರೆಕ್ಕೆ ಮುರಿಯದೆ ಬಿಡಿಸಲು ಬರುತ್ತದೆ. ಮೊದಲು ಮುಚ್ಚಿದ ರೆಕ್ಕೆಗಳ ಚಿತ್ರವನ್ನು ಮಕ್ಕಳು ಬಿಡಿಸಲಿ, ಯಾವುದು ಮೇಲಿದೆ ಎಂದು ಗುರುತು ಹಾಕಲಿ, ಆಮೇಲೆ ಬಿಡಿಸಿದ ರೆಕ್ಕೆಗಳನ್ನು ಬೆಳಕಿಗೆ ಹಿಡಿದು ನೋಡಲಿ. ಎಲ್ಲ ಪ್ರಭೇದಗಳಲ್ಲೂ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಬೇಕೆಂದು ಮಕ್ಕಳಿಗೆ ಹೇಳಿ. ಬಣ್ಣವನ್ನು ಸಿಕ್ಕ ದಿನವೇ ಬರೆದಿಡುವುದು ಮುಖ್ಯ. ಹಸಿರು ಬಣ್ಣ ಬರುವುದು ನೀಲಿಹಸಿರಿನ ಬಿಲಿವರ್ಡಿನ್ ಮತ್ತು ಹಳದಿಯ ಕೆರೋಟಿನಾಯ್ಡ್‌ಗಳು ಸೇರಿ. ಸತ್ತ ಹುಳುವಿನಲ್ಲಿ ಇವು ಕೆಡುತ್ತ ಹೋಗಿ ಹಸಿರು ಹುಳುವೂ ಕೆಲವು ದಿನಗಳಲ್ಲಿ ಹಳದಿಗೆ ತಿರುಗಿ ಕಂದಾಗಬಹುದು.